ಅಕ್ಕನ ದನಿ ಇದ್ದ ಹಾರ್ಡ್ ಡಿಸ್ಕ್

ನಮ್ಮ ಭಾವ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರನ್ನು ನಾನು ಸಾಕಷ್ಟು ಬೈಯುವುದಿದೆ. ಅಕ್ಕನ ಕೈಹಿಡಿದು ನಮ್ಮ ಮನೆಯ ಅಳಿಯನಾದಾಗಿನಿಂದ ನೋಡಿದ್ದೇನೆ, ಯಾರ ಮೇಲೂ ಕೂಗಾಡಿದವರಲ್ಲ, ಯಾರ ವಿಷಯದಲ್ಲೂ ಮೂಗು ತೂರಿಸಿದವರಲ್ಲ. ಕೆಲಸಕ್ಕೆ ಕೂತರೆ ಮಾತ್ರ ಪಕ್ಕದಲ್ಲಿ ಗೋಡೆ ಬಿದ್ದರೂ ತಿರುಗಿ ನೋಡುತ್ತಿರಲಿಲ್ಲ.

ಅವರದು ವಿಡಿಯೋ ಕೆಲಸ. ಮದುವೆ, ಶಾಲೆಯ ವಾರ್ಷಿಕೋತ್ಸವ, ಆಫೀಸಿನ ಬೀಳ್ಕೊಡುಗೆ, ಏನೇ ಇರಲಿ, ಹೋಗಿ ಚಿತ್ರೀಕರಿಸಿ, ಬೇಡದ್ದನ್ನೆಲ್ಲ ಕತ್ತರಿಸಿ, ಹಿನ್ನೆಲೆಗೆ ಸಂಗೀತ ಸೇರಿಸಿ, ಚೆಂದ ಮಾಡಿ ಕೊಡುವುದು. ಅಂಗಡಿಯ ಬೋರ್ಡಿನ ಮೇಲೆ ‘ಶೂಟಿಂಗ್, ಕಟಿಂಗ್, ಮಿಕ್ಸಿಂಗ್’ ಎಂದು ಬರೆಸಿದ್ದರು. ಬೋರ್ಡ್ ಬರೆಯುವವನು ಅದ್ಯಾಕೋ ‘ಕಟಿಂಗ್’ ಅನ್ನುವುದನ್ನು ಮಾತ್ರ ದಪ್ಪಕ್ಷರದಲ್ಲಿ ಬರೆದುಬಿಟ್ಟ. ಅಂಗಡಿ ತೆರೆದ ಹೊಸತರಲ್ಲಿ ಯಾರೋ ಒಬ್ಬ ಸೀದಾ ಒಳಗೆ ಬಂದು ಕುರ್ಚಿಯಲ್ಲಿ ಕೂತು, ಕಿವಿ ಪಕ್ಕ ಸಣ್ಣಗೆ ಮಾಡಿ ಎಂದನಂತೆ. ಅಂದಿನಿಂದ ಬೀದಿಗೆಲ್ಲ ಭಾವ ‘ಕಟಿಂಗ್ ಸಾರ್’ ಆದರು. ನಾನು ಬಟ್ಟೆ ಹೊಲಿಯುವವಳು. ಬೆಳಗಿನಿಂದ ಸಂಜೆವರೆಗೆ ಕತ್ತರಿ ಹಿಡಿದು ಬೆರಳು ಸವೆಸಿಕೊಂಡವಳು ನಾನು, ಹೆಸರು ಹೊಡೆದುಕೊಂಡವರು ನೀವು ಎಂದು ಅವರನ್ನು ರೇಗಿಸುತ್ತಿದ್ದೆ.

ನಾನು ಕತ್ತರಿಸಿ ಉಳಿದ ಒಂದು ಚೂರು ಬಟ್ಟೆಯನ್ನೂ ಎಸೆಯುವವಳಲ್ಲ. ಯಾವತ್ತಾದರೂ ಒಂದು ಜೇಬಿಗೋ ತೇಪೆಗೋ ಬೇಕಾಗುತ್ತದೆ ಎಂದು ಚೀಲದಲ್ಲಿ ತುಂಬಿಡುತ್ತೇನೆ. ಭಾವನಿಗೆ ಎಸೆಯುವುದೇ ವಿದ್ಯೆ. ಗಿರಾಕಿ ಬಂದು ವಿಡಿಯೋ ಒಯ್ದರೆ ಸಾಕು, ಅದರ ಕತ್ತರಿಸುವ ಮೊದಲಿನ ಕಚ್ಚಾ ಚಿತ್ರಗಳನ್ನೆಲ್ಲ ಅಳಿಸಿಹಾಕುತ್ತಿದ್ದರು. ಮುಂದಿನ ಕೆಲಸಕ್ಕೆ ಜಾಗ ಬೇಕಲ್ಲ ಎನ್ನುತ್ತಿದ್ದರು. ಅಷ್ಟು ದೊಡ್ಡ ಅಂಗಡಿಯೂ ಅಲ್ಲ, ಇದ್ದದ್ದು ಒಂದು ಕಂಪ್ಯೂಟರ್, ಅದಕ್ಕೆ ಹೊರಗಿನಿಂದ ಕೇಬಲ್ ಸಿಕ್ಕಿಸಿ ಬಳಸುವ ಅಂಗೈಯಗಲದ ಒಂದು ಹಾರ್ಡ್ ಡಿಸ್ಕ್.

ಅಕ್ಕ ಅವರ ಜೊತೆ ಹೋಗಿ ಲೈಟ್ ಹಿಡಿಯುತ್ತಿದ್ದಳು. ಕೆಲಸದವರನ್ನು ಇಟ್ಟುಕೊಂಡರೆ ಅವರು ಊಟದ ಹೊತ್ತಿಗೆ ಸರಿಯಾಗಿ ಮಾಯವಾಗುತ್ತಾರೆ ಎಂದು ತಾನೇ ಶುರುಮಾಡಿದವಳು, ಕೊನೆಯವರೆಗೂ ಬಿಡಲಿಲ್ಲ. ಕೈಯಲ್ಲಿ ಲೈಟ್ ಇದ್ದರೆ ಬಾಯಿ ಸುಮ್ಮನಿರಬೇಕು ಎಂಬ ನಿಯಮ ಅವಳಿಗೆ ತಿಳಿದಿರಲಿಲ್ಲ. ಗಲ್ಲ ಸ್ವಲ್ಪ ಎತ್ತಮ್ಮ, ಅಜ್ಜಿ ಕನ್ನಡಕ ಸರಿಮಾಡ್ಕೊಳ್ಳಿ, ಆ ಮಗುವಿನ ಮೂಗು ಒರೆಸ್ರೋ ಯಾರಾದ್ರೂ, ಹೀಗೆ ಒಂದೇ ಸಮನೆ ಸಾಗುತ್ತಿತ್ತು. ಅವಳ ದನಿ ಸ್ವಲ್ಪ ಗೊಗ್ಗರು, ಮಾತಿನ ಕೊನೆಯಲ್ಲಿ ನಗು ಸೇರಿಕೊಂಡಿರುತ್ತಿತ್ತು. ಕ್ಯಾಮೆರಾದ ಎದುರಿಗೆ ಮಾತ್ರ ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ಯಾರಾದರೂ ಫೋನು ಎತ್ತಿ ಹಿಡಿದರೂ ಸೆರಗು ಅಡ್ಡ ಮಾಡಿಕೊಂಡು ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಕ್ಯಾಮೆರಾದ ಮಗ್ಗುಲಲ್ಲೇ ನಿಂತು ಮಾತಾಡುವ ಆ ದನಿ ವಿಡಿಯೋದಲ್ಲಿ ಎಲ್ಲರ ದನಿಗಿಂತ ದೊಡ್ಡದಾಗಿ ಕೇಳುತ್ತಿತ್ತು. ಕಂಪ್ಯೂಟರಿನಲ್ಲಿ ಧ್ವನಿ ಒಂದು ಗೆರೆಯಾಗಿ ಕಾಣುತ್ತದೆ, ಅಕ್ಕ ಬಾಯಿ ತೆರೆದಲ್ಲೆಲ್ಲ ಆ ಗೆರೆ ಉಬ್ಬುತ್ತದೆ. ಭಾವ ಉಬ್ಬು ಶುರುವಾದಲ್ಲಿ ಒಂದು ಗುರುತು, ಮುಗಿದಲ್ಲಿ ಒಂದು ಗುರುತು ಹಾಕಿ, ನಡುವಿನದನ್ನು ತೆಗೆದು ಸಂಗೀತ ತುಂಬುತ್ತಿದ್ದರು. ನಿನ್ನ ಬಾಯಿಗೆ ಬೀಗ ಹಾಕುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು ಎಂದು ಅವರು ತಮಾಷೆ ಮಾಡಿದರೆ, ನಾನು ಸುಮ್ಮನಿದ್ದರೆ ನಿಮ್ಮ ವಿಡಿಯೋದಲ್ಲಿ ಎಲ್ಲರೂ ಪೊಲೀಸರು ಹಿಡಿದು ತಂದವರ ಹಾಗೆ ನಿಂತಿರುತ್ತಾರೆ ಎಂದು ಅಕ್ಕ ತಿರುಗಿಸಿ ಕೊಡುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ, ಆದರೆ ಆಗ ಅದು ನಗುವ ಮಾತೇ ಆಗಿತ್ತು.

ಗಂಡಹೆಂಡಿರದು ಒಂದು ಕಟ್ಟುನಿಟ್ಟು ಇತ್ತು. ಗಿರಾಕಿಯ ಕೆಲಸ ಮೊದಲು, ಮನೆಯದು ಆಮೇಲೆ. ಇದನ್ನು ಶುರುಮಾಡಿದವಳು ಅಕ್ಕನೇ. ಹೊಸದರಲ್ಲಿ ಹೇಳಿದ ದಿನಕ್ಕೆ ವಿಡಿಯೋ ಕೊಡದೆ ಒಂದು ಮನೆಯವರ ಕೈಲಿ ಬೈಸಿಕೊಂಡಿದ್ದರಂತೆ, ಆಮೇಲಿಂದ ಅವಳ ಮಾತಿಗೆ ಎರಡನೇ ಮಾತಿಲ್ಲ. ಅದು ಎಲ್ಲಿಗೆ ಮುಟ್ಟಿತೆಂದರೆ, ಸ್ವಂತ ಮಗಳ ಮದುವೆಯ ವಿಡಿಯೋ ಎಡಿಟ್ ಆಗಲೇ ಇಲ್ಲ. ಮನೆಯದು ತಾನೇ, ಆಮೇಲೆ ಮಾಡಿದರಾಯಿತು ಎಂದು ಮುಂದೂಡಿ ಮುಂದೂಡಿ, ಕಡೆಗೆ ಯಾರದೋ ಮದುವೆಗೆ ಡಿಸ್ಕಿನಲ್ಲಿ ಜಾಗ ಸಾಲದೆ ಅದನ್ನೇ ಅಳಿಸಿದರು. ಮಗಳು ಅತ್ತಳು, ನಾನು ಕುಣಿದಾಡಿದೆ. ಅಕ್ಕ ಮಾತ್ರ ಗಿರಾಕಿಗೆ ಕೊಟ್ಟ ಮಾತು ಉಳಿಯಿತಲ್ಲ ಎಂದು ಸುಮ್ಮನಾದಳು.

ಅಕ್ಕ ಹೋಗಿದ್ದು ತೀರಾ ಅನಿರೀಕ್ಷಿತ. ಜ್ವರ ಎಂದು ಆಸ್ಪತ್ರೆ ಸೇರಿ ಮಲಗಿದವಳು ಏಳಲಿಲ್ಲ. ಆಗ ಭಾವನ ಕೈಯಲ್ಲಿ ಒಂದು ಮದುವೆಯ ಕೆಲಸ ಇತ್ತು, ಎಡಿಟಿಂಗ್ ಮುಗಿದಿತ್ತು, ಕೊಡುವುದಷ್ಟೇ ಬಾಕಿ. ಕೊಡಲಿಲ್ಲ. ಹುಡುಗಿಯ ಮನೆಯವರು ಒಂದೆರಡು ಸಲ ಫೋನ್ ಮಾಡಿ, ವಿಷಯ ತಿಳಿದು, ಪಾಪ ಎಂದು ಬಿಟ್ಟುಬಿಟ್ಟರು. ಭಾವ ಅಂಗಡಿಯ ಬಾಗಿಲು ಹಾಕಿ, ಕಂಪ್ಯೂಟರನ್ನು ಮನೆಗೆ ತಂದು, ಹಾರ್ಡ್ ಡಿಸ್ಕನ್ನು ಬೀರುವಿನಲ್ಲಿಟ್ಟು, ಕಿಟಕಿ ಪಕ್ಕದ ಕುರ್ಚಿ ಹಿಡಿದವರು ಆ ಕುರ್ಚಿಯಲ್ಲೇ ಮುದುಕರಾದರು.

ಮೊನ್ನೆ ಮೊನ್ನೆ ಅವರ ಮಗಳು, ನನ್ನನ್ನು ಚಿಕ್ಕಮ್ಮ ಎನ್ನುವವಳು, ಬಸುರಿ ಎಂದು ತಿಳಿಸಲು ಬಂದಳು. ಸಂತೋಷದ ಮಾತು ಆಡುತ್ತ ಆಡುತ್ತ ಇದ್ದಕ್ಕಿದ್ದಂತೆ ಅವಳ ಕಣ್ಣು ತುಂಬಿತು. ಅಮ್ಮನ ದನಿ ಮರೆತುಹೋಗುತ್ತಿದೆ ಎಂದಳು. ಮುಖ ಕಣ್ಣಿಗೆ ಕಟ್ಟಿದ ಹಾಗಿದೆಯಂತೆ, ದನಿ ಎಷ್ಟು ನೆನೆಸಿಕೊಂಡರೂ ಬರುವುದಿಲ್ಲವಂತೆ. ಹುಟ್ಟುವ ಮಗುವಿಗೆ ಅಜ್ಜಿಯ ಒಂದೇ ಒಂದು ಮಾತನ್ನಾದರೂ ಕೇಳಿಸಬೇಕು, ಎಲ್ಲಾದರೂ ಇದೆಯಾ ಅಪ್ಪ ಎಂದು ಕೇಳಿದಳು.

ಇರುವುದು ಒಂದೇ ಕಡೆ ಎಂದು ನಮಗೆ ಆಗ ಹೊಳೆಯಿತು. ಗಿರಾಕಿಗೆ ಕೊಟ್ಟ ವಿಡಿಯೋಗಳಲ್ಲೆಲ್ಲ ಅಕ್ಕನ ದನಿ ಕತ್ತರಿಸಿಹೋಗಿದೆ, ಅವುಗಳ ಕಚ್ಚಾ ಚಿತ್ರ ಅಳಿಸಿಹೋಗಿದೆ. ಕೊಡದೆ ಉಳಿದ ಆ ಕೊನೆಯ ಮದುವೆಯ ಕಚ್ಚಾ ಚಿತ್ರ ಮಾತ್ರ ಡಿಸ್ಕಿನಲ್ಲಿ ಹಾಗೇ ಇದೆ. ಅದರಲ್ಲಿ ಅಕ್ಕ ಇಡೀ ದಿನ ಮಾತಾಡಿದ್ದಾಳೆ. ಭಾವ ಎಷ್ಟೋ ಕಾಲದ ಮೇಲೆ ಕುರ್ಚಿಯಿಂದ ಸರಕ್ಕನೆ ಎದ್ದದ್ದನ್ನು ನಾನು ನೋಡಿದೆ.

ಡಿಸ್ಕನ್ನು ಸಿಕ್ಕಿಸಿದರೆ ದೀಪ ಮಿಣುಕಿತು, ಪರದೆಯ ಮೇಲೆ ಅದರ ಹೆಸರು ಬಂತು, ನಾವು ಉಸಿರು ಬಿಡುವಷ್ಟರಲ್ಲಿ ಹೋಯಿತು. ತೆಗೆದು ಮತ್ತೆ ಸಿಕ್ಕಿಸಿದರೆ ಏನೂ ಇಲ್ಲ. ಮೂರನೆಯ ಸಲ ಬಂತು, ಭಾವ ಒಂದು ಚಿತ್ರ ತೆರೆದರು, ಯಾರದೋ ಮುಖ ಅರ್ಧಕ್ಕೆ ಮೂಡಿ ಗರಬಡಿದ ಹಾಗೆ ನಿಂತುಬಿಟ್ಟಿತು. ದನಿ ಬರಲೇ ಇಲ್ಲ. ಮಗಳು ಅದರ ಪಕ್ಕ ಕಿವಿಯಿಟ್ಟು ಕೂತಿದ್ದಳು, ನನಗೆ ನೋಡಲಾಗಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಭಾವನ ಪರದಾಟ. ಕೇಬಲ್ ಸರಿಯಿಲ್ಲ ಎಂದು ಹೊಸ ಕೇಬಲ್ ತಂದರು. ಕಂಪ್ಯೂಟರಿನ ಮುಂದಿನ ತೂತಿಗೆ ಕರೆಂಟು ಸಾಲದು ಎಂದು ಹಿಂದಿನದಕ್ಕೆ ಸಿಕ್ಕಿಸಿದರು. ಮಗಳ ಲ್ಯಾಪ್‌ಟಾಪಿಗೆ ಹಾಕಿದಾಗ, ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಅದು ಕೇಳಿತು. ಹಾಗೆಂದರೆ ಎಲ್ಲ ಅಳಿಸಲೇ ಎಂದು ಅರ್ಥ ಎಂದು ತಿಳಿದದ್ದೇ ನಾನು ಕೈ ಅಡ್ಡ ಹಿಡಿದು ಕೇಬಲನ್ನೇ ಕಿತ್ತೆ. ಹಾಗೆಲ್ಲ ಎಳೆಯಬಾರದು ಎಂದು ಭಾವ ನನ್ನ ಮೇಲೆ ಸಿಡುಕಿದರು. ಅವರು ನನ್ನ ಮೇಲೆ ಸಿಡುಕಿದ್ದು ಅದೇ ಮೊದಲು.

ಕಡೆಗೆ ಕಂಪ್ಯೂಟರ್ ರಿಪೇರಿಯವನ ಹತ್ತಿರ ಹೋದೆವು. ಅವನ ಅಂಗಡಿ ಒಂದು ಮೆಟ್ಟಿಲಿನ ಕೆಳಗಿನ ಗೂಡು, ಮೂವರು ನಿಂತರೆ ನಾಲ್ಕನೆಯವರು ಉಸಿರು ಹಿಡಿಯಬೇಕು. ಡಿಸ್ಕಿನ ಹೊರಗಿನ ಪೆಟ್ಟಿಗೆ ಬಿಚ್ಚಿ, ಒಳಗಿನದನ್ನು ತೆಗೆದು ತನ್ನ ಯಂತ್ರಕ್ಕೆ ಹಾಕಿ ನೋಡಿದ. ಒಳಗಿನಿಂದ ಟಿಕ್ ಟಿಕ್ ಎಂದು ಸಣ್ಣ ಸದ್ದು ಬರುತ್ತಿತ್ತು. ಅವನ ಮುಖ ನೋಡಿಯೇ ನನಗೆ ಅರ್ಥವಾಯಿತು.

“ಕೇಬಲ್ದು ಅಲ್ಲ ಸಾರ್, ಡಿಸ್ಕೇ ಸೋತಿದೆ,” ಎಂದ. “ಇನ್ನೊಂದು ಸಲ ಏಳಬಹುದು. ಎದ್ದ ತಕ್ಷಣ ಯಾವ ಫೈಲನ್ನೂ ತೆರೆದು ನೋಡ್ಬೇಡಿ, ರಿಪೇರಿ ಮಾಡ್ಲಾ ಅಂತ ಕಂಪ್ಯೂಟರ್ ಕೇಳಿದ್ರೆ ಬೇಡ ಅನ್ನಿ. ಯಾವುದು ಎಲ್ಲಕ್ಕಿಂತ ಮುಖ್ಯಾನೋ ಅದನ್ನ ಮೊದಲು ಕಾಪಿಗೆ ಹಾಕಿ. ಆಮೇಲೆ ಮಿಕ್ಕಿದ್ದು.”

ಡಿಸ್ಕನ್ನು ಇಲ್ಲೇ ಬಿಟ್ಟುಹೋಗಿ, ನಾನೇ ನೋಡುತ್ತೇನೆ ಎಂದೂ ಹೇಳಿದ. ಭಾವ ಸುತಾರಾಂ ಒಪ್ಪಲಿಲ್ಲ. ಬಿಚ್ಚಿದ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸುವ ಅವನದೇ ಒಂದು ಯಂತ್ರವನ್ನು ಎರವಲು ಪಡೆದು, ಎರಡನ್ನೂ ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಮನೆಗೆ ತಂದರು.

ಮಾರನೆಯ ದಿನದಿಂದ ಆ ಕೋಣೆಯಲ್ಲಿ ಯಾರೂ ಜೋರಾಗಿ ನಡೆಯುವಂತಿಲ್ಲ. ಫ್ಯಾನ್ ಹಾಕುವಂತಿಲ್ಲ, ಮೇಜು ಅದುರುತ್ತದೆ. ನನ್ನ ಹೊಲಿಗೆ ಯಂತ್ರಕ್ಕಂತೂ ಹೊಸಿಲು ದಾಟಿ ಬರುವ ಅಪ್ಪಣೆಯೇ ಇಲ್ಲ. ನಾನು ಕೈಹೊಲಿಗೆ ಹಿಡಿದು ಬಂದು ಬಾಗಿಲ ಹತ್ತಿರ ಕೂತಿರುತ್ತಿದ್ದೆ. ಭಾವ ಡಿಸ್ಕಿಗೆ ಬಿಸಿಯಾಗದಂತೆ ಸ್ವಲ್ಪ ಹೊತ್ತು ವಿಶ್ರಾಂತಿ ಕೊಡುವುದು, ಮತ್ತೆ ಸಿಕ್ಕಿಸುವುದು, ಪರದೆಯನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು. ಹಸಿವು ನಿದ್ದೆ ಎರಡೂ ಬಿಟ್ಟರು. ಅಕ್ಕ ಬದುಕಿದ್ದಾಗ ಈ ಮನುಷ್ಯ ಒಂದು ದಿನ ಅವಳಿಗಾಗಿ ಇಷ್ಟು ಕಾದಿದ್ದರೆ ಅವಳು ನಂಬುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಡಿಸ್ಕ್ ಎದ್ದಿತು. ಟಿಕ್ ಟಿಕ್ ನಿಂತು, ಒಳಗೆ ಸಣ್ಣಗೆ ತಿರುಗುವ ಸದ್ದು ಒಂದೇ ಸಮನೆ ಬಂತು. ಪರದೆಯ ಮೇಲೆ ಹೆಸರು ಬಂದು ಹೋಗದೆ ನಿಂತಿತು. ಭಾವ ನನ್ನ ಕಡೆ ಕೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿ, ಏನನ್ನೋ ಎಳೆದು ಕಾಪಿಗೆ ಹಾಕಿದರು. ಹಸಿರು ಪಟ್ಟಿಯೊಂದು ಕಾಣಿಸಿಕೊಂಡು ಆಮೆಯ ಹಾಗೆ ಮುಂದೆ ಸರಿಯತೊಡಗಿತು. ನಾನು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೂತೆ. ಅಕ್ಕ ಬರುತ್ತಿದ್ದಾಳೆ ಎಂದೇ ನನಗೆ ಅನ್ನಿಸಿತ್ತು. ಆಫೀಸಿನಲ್ಲಿದ್ದ ಮಗಳಿಗೆ ಫೋನ್ ಮಾಡಿ, ಬರುತ್ತಿದೆ ಕಣೇ, ಅರ್ಧಕ್ಕಿಂತ ಜಾಸ್ತಿ ಆಯಿತು ಎಂದು ಪಿಸುಗುಟ್ಟಿದೆ. ಆ ಕಡೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಪಟ್ಟಿ ಪೂರ್ತಿಯಾಯಿತು. ಭಾವ ದೊಡ್ಡದಾಗಿ ಉಸಿರು ಬಿಟ್ಟು, ಹಣೆ ಒರೆಸಿಕೊಂಡರು.

“ಸದ್ಯ,” ಎಂದರು. “ಗಿರಾಕಿ ವಿಡಿಯೋ ಬಂತು. ಇನ್ನು ನಿಮ್ಮಕ್ಕಂದು ಹಾಕ್ತೀನಿ.”

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾಗುವ ಹೊತ್ತಿಗೆ ಅವರು ಕಚ್ಚಾ ಚಿತ್ರಗಳನ್ನು ಎಳೆದು ಹಾಕಿದ್ದರು. ಹಸಿರು ಪಟ್ಟಿ ಮತ್ತೆ ಬಂತು, ಒಂದು ಉಗುರಿನಷ್ಟು ಸರಿಯಿತು, ನಿಂತಿತು. ಡಿಸ್ಕಿನ ಒಳಗೆ ಏನೋ ಕೆರೆದ ಹಾಗೆ ಸದ್ದಾಯಿತು. ಆಮೇಲೆ ಸದ್ದೂ ಇಲ್ಲ, ದೀಪವೂ ಇಲ್ಲ. ಭಾವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಏಳು, ಏಳು ಎಂದು ಮೆಲ್ಲಗೆ ಅನ್ನುತ್ತಿದ್ದರು. ಆಸ್ಪತ್ರೆಯಲ್ಲೂ ಅವರು ಹೀಗೇ ಅಂದಿದ್ದರು, ನಾನು ಪಕ್ಕದಲ್ಲೇ ನಿಂತಿದ್ದೆ.

ಅವತ್ತು ನಾನು ಬಾಯಿಗೆ ಬಂದ ಹಾಗೆ ಬೈದೆ. ಯಾರಿಗೆ ಬೇಕಿತ್ತು ಆ ವಿಡಿಯೋ, ಅವರು ಕೇಳಿ ಮರೆತು ಯಾವ ಕಾಲವಾಯಿತು, ಮುಖ್ಯವಾದದ್ದು ಮೊದಲು ಎಂದು ರಿಪೇರಿಯವನು ಕನ್ನಡದಲ್ಲಿ ತಾನೇ ಹೇಳಿದ್ದು ಎಂದೆ. ಕೊನೆಗೆ ಭಾವ ಒಂದೇ ಮಾತು ಹೇಳಿದರು, ಯೋಚನೆ ಮಾಡಲೇ ಇಲ್ಲ, ಕೈ ತಾನಾಗಿ ಆ ಕಡೆ ಹೋಯಿತು ಎಂದು. ನನ್ನ ಸಿಟ್ಟು ಅರ್ಧಕ್ಕೆ ನಿಂತಿತು. ಆ ಕೈಗೆ ಹಾಗೆ ಅಭ್ಯಾಸ ಮಾಡಿಸಿದವಳು ನನ್ನ ಅಕ್ಕನೇ. ಅವಳು ಪಕ್ಕದಲ್ಲಿ ಕೂತಿದ್ದರೂ ಅದನ್ನೇ ಮೊದಲು ಹಾಕಿಸುತ್ತಿದ್ದಳು. ಅದನ್ನು ನೆನೆದು ನನಗೆ ಇನ್ನಷ್ಟು ಹೊಟ್ಟೆ ಉರಿಯಿತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ರಿಪೇರಿಯವನು ಅದನ್ನು ದೂರದ ಒಂದು ಕಡೆಗೆ ಕಳಿಸಿಕೊಟ್ಟ, ಅಲ್ಲಿ ಡಿಸ್ಕುಗಳ ಹೊಟ್ಟೆ ಬಿಚ್ಚಿ ನೋಡುತ್ತಾರಂತೆ. ಒಳಗಿನ ತಟ್ಟೆಯ ಮೇಲೆ ಗೀರು ಬಿದ್ದಿದೆ, ಏನೂ ಸಿಗುವುದಿಲ್ಲ ಎಂದು ಉತ್ತರ ಬಂತು. ಅಲ್ಲಿಗೆ ಆಸೆ ಮುಗಿಯಿತು.

ಮಗಳು ಅಪ್ಪನನ್ನು ಒಂದು ಮಾತೂ ಅನ್ನಲಿಲ್ಲ, ಅನ್ನಬೇಕಿತ್ತು. ಭಾನುವಾರ ಬಂದವಳು, ಉಳಿದ ಆ ವಿಡಿಯೋವನ್ನಾದರೂ ನೋಡೋಣ, ಅಮ್ಮ ಲೈಟ್ ಹಿಡಿದ ಕೊನೆಯ ಕೆಲಸ ತಾನೇ ಎಂದಳು. ಮೂವರೂ ಕೂತೆವು. ಅಚ್ಚುಕಟ್ಟಾದ ವಿಡಿಯೋ, ಸಂಗೀತವೂ ಹಿತವಾಗಿತ್ತು. ಒಂದು ಕಡೆ ಹುಡುಗಿ ಕನ್ನಡಿಯ ಮುಂದೆ ಕೂತು ಸರ ಹಾಕಿಕೊಳ್ಳುತ್ತಿರುತ್ತಾಳೆ, ಮುಖದಲ್ಲಿ ರಕ್ತವೇ ಇಲ್ಲ, ಅಷ್ಟು ಹೆದರಿಕೆ. ಇದ್ದಕ್ಕಿದ್ದ ಹಾಗೆ ಕ್ಯಾಮೆರಾದ ಪಕ್ಕಕ್ಕೆ ತಿರುಗುತ್ತಾಳೆ, ಒಂದು ಗಳಿಗೆ ಕೇಳಿಸಿಕೊಳ್ಳುತ್ತಾಳೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಕಣ್ಣಲ್ಲಿ ನೀರು ಬರುವಷ್ಟು ನಗು. ಅವಳು ತಿರುಗಿದ್ದು ಅಕ್ಕನ ಕಡೆಗೆ ಎಂದು ನಮಗೆ ಮೂವರಿಗೂ ಗೊತ್ತಿತ್ತು. ಕೇಳುತ್ತಿದ್ದದ್ದು ಮಾತ್ರ ಪಿಟೀಲು.

ಮಗಳು ವಿಡಿಯೋ ನಿಲ್ಲಿಸಿದಳು. “ಇಲ್ಲಿ ಅಮ್ಮ ಏನಂದ್ಲು ಅಪ್ಪ?”

ಭಾವ ಗೊತ್ತಿಲ್ಲ ಎಂದರು.

ಅದನ್ನು ತಿಳಿದುಕೊಳ್ಳದೆ ಅವರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ವಿಡಿಯೋವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಆ ಹುಡುಗಿಯ ಮನೆ ಹುಡುಕಿಕೊಂಡು ಹೊರಟರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ಎತ್ತರದ ಕಟ್ಟಡವೊಂದರಲ್ಲಿ ಅವಳ ಮನೆ, ನೆಲದ ತುಂಬ ಮಗುವಿನ ಆಟಿಕೆ. ಹುಡುಗಿ ದಪ್ಪಗಾಗಿದ್ದಳು, ಗುರುತು ಹಿಡಿದು ಪ್ರೀತಿಯಿಂದ ಕೂರಿಸಿದಳು. ಇಷ್ಟು ವರ್ಷದ ಮೇಲೂ ನೆನಪಿಟ್ಟು ತಂದುಕೊಟ್ಟಿರಲ್ಲ ಎಂದು ಪೆನ್‌ಡ್ರೈವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಆಂಟಿ ಚೆನ್ನಾಗಿದ್ದಾರಾ ಎಂದು ಕೇಳಲು ಹೋಗಿ, ಅವರು ತೀರಿಕೊಂಡದ್ದು ನೆನಪಾಗಿ, ಆಂಟಿ ತುಂಬ ಒಳ್ಳೆಯವರು ಎಂದು ತಿದ್ದಿಕೊಂಡಳು.

ಭಾವ ಅವಳ ಟಿವಿಯಲ್ಲೇ ಅದನ್ನು ಹಾಕಿಸಿ, ಆ ಜಾಗಕ್ಕೆ ಬಂದು ನಿಲ್ಲಿಸಿದರು. ಆಗ ನೀವು ಯಾಕೆ ನಕ್ಕಿರಿ, ಸ್ವಲ್ಪ ನೆನಪು ಮಾಡಿಕೊಳ್ಳಿ ಎಂದು ಕೇಳಿದರು. ಅವರು ಯಾರನ್ನೂ ಹಾಗೆ ಬೇಡಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಹುಡುಗಿ ತನ್ನ ನಗುವನ್ನು ತಾನೇ ಮೂರು ನಾಲ್ಕು ಸಲ ಹಾಕಿ ನೋಡಿದಳು. ಕಣ್ಣು ಮುಚ್ಚಿದಳು, ತುಟಿ ಕಚ್ಚಿಕೊಂಡಳು. ಪಾಪ, ಏನಾದರೂ ಹೇಳಿ ಈ ಮುದುಕರನ್ನು ಕಳಿಸಬೇಕೆಂಬ ಆಸೆ ಅವಳ ಮುಖದಲ್ಲೇ ಕಾಣುತ್ತಿತ್ತು.

“ಏನೋ ಅಂದ್ರು ಸಾರ್, ಹೆದರಿಕೆ ಎಲ್ಲ ಹೋಗ್ಬಿಡ್ತು. ಅಷ್ಟು ನೆನಪಿದೆ. ಏನಂದ್ರು ಅಂತ ಬರ್ತಾ ಇಲ್ಲ.” ಆಮೇಲೆ ಅವಳು ಸಹಜವಾಗಿ ಕೇಳಿದಳು, “ನೀವೂ ಅಲ್ಲೇ ಇದ್ರಲ್ಲ ಸಾರ್, ಪಕ್ಕದಲ್ಲೇ. ನಿಮಗೆ ಕೇಳಿಸ್ಲಿಲ್ವಾ?”

“ಕೇಳಿಸ್ತಮ್ಮ,” ಎಂದರು ಭಾವ. “ಅವತ್ತೂ ಕೇಳಿಸ್ತು, ಆಮೇಲೆ ಕತ್ತರಿಸೋವಾಗ ಎಷ್ಟೋ ಸಲ ಕೇಳಿಸ್ತು. ಎಲ್ಲಿ ಶುರು ಆಗುತ್ತೆ, ಎಲ್ಲಿ ಮುಗಿಯುತ್ತೆ, ಅಷ್ಟೇ ನೋಡ್ತಿದ್ದೆ.”

ಹುಡುಗಿ ಕುಡಿಯಲು ನೀರು ತರುತ್ತೇನೆಂದು ಒಳಗೆ ಹೋದಳು. ಟಿವಿಯಲ್ಲಿ ಅವಳ ಮುಖ ನಗುತ್ತಲೇ ನಿಂತಿತ್ತು. ಭಾವ ರಿಮೋಟನ್ನು ಮೆಲ್ಲಗೆ ಒತ್ತಿ, ಸ್ವಲ್ಪ ಹಿಂದಕ್ಕೆ ತಂದು, ಅವಳು ಪಕ್ಕಕ್ಕೆ ತಿರುಗಿ ಕೇಳಿಸಿಕೊಳ್ಳುವಲ್ಲಿಗೆ ನಿಲ್ಲಿಸಿದರು.